ತಲೆಪೆಟ್ಟಿನ ಚೇತರಿಕೆಯಲ್ಲಿ ವಿಟಮಿನ್ ಮಾತ್ರೆಗಳ ಪಾಲೆಷ್ಟು?

ಕಾಳುಮೆಣಸಿನ ಕೊಯ್ಲಿನಲ್ಲಿ ಏಣಿ ಜಾರುವುದು, ಮುಂಗಾರಿನ ಮೊದಲ ಮಳೆಗೆ ನುಣುಪಾದ ಘಾಟಿ ರಸ್ತೆಯಲ್ಲಿ ಬೈಕ್ ಅಡ್ಡಬೀಳುವುದು, ಕಬಡ್ಡಿ ಅಂಕಣದಲ್ಲಿ ತಲೆಗೆ ತಲೆ ತಗಲುವುದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅಪರೂಪದ ಸಂಗತಿಗಳಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿ, ‘ಏನೂ ತೊಂದರೆ ಕಾಣುತ್ತಿಲ್ಲ, ವಿಶ್ರಾಂತಿ ತೆಗೆದುಕೊಳ್ಳಿ’ ಎನ್ನಿಸಿಕೊಂಡು ಮನೆಗೆ ಬಂದವರಿಗೆ ನಿಜವಾದ ಗೊಂದಲ ಶುರುವಾಗುವುದು ಆಮೇಲೆ. ತಲೆನೋವು ಹೋಗುವುದಿಲ್ಲ, ಬೆಳಕು ಚುಚ್ಚುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಸುಮ್ಮನೆ ಕಾಯುವುದು ಮನೆಯವರಿಗೂ ಕಷ್ಟ. ಹೀಗಾಗಿ ಮೆಡಿಕಲ್ ಅಂಗಡಿಯ ಬಿ ಕಾಂಪ್ಲೆಕ್ಸ್, ಫೋನಿನಲ್ಲಿ ಕಂಡ ಒಮೆಗಾ-3 ಕ್ಯಾಪ್ಸೂಲ್, ನೆಂಟರು ಹೇಳಿದ ವಿಟಮಿನ್ ಡಿ ಸ್ಯಾಶೆ, ನಿದ್ದೆಗೆಂದು ಮೆಗ್ನೀಷಿಯಂ ಎಲ್ಲವೂ ಒಂದೇ ವಾರದಲ್ಲಿ ಮನೆ ಸೇರುತ್ತವೆ.

ಈ ಮಾತ್ರೆಗಳ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ಒಂದಿದೆ. ಇವುಗಳ ಅಡ್ಡ ಪರಿಣಾಮಗಳೂ ತಲೆಪೆಟ್ಟಿನ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು, ನಿದ್ದೆಗೇಡು ಎರಡರಲ್ಲೂ ಬರುತ್ತವೆ. ಯಾವುದು ಎಲ್ಲಿಂದ ಬಂತೆಂದು ತಿಳಿಯದೆ ಹೋದರೆ ರೋಗಿಗೂ ಕಷ್ಟ, ವೈದ್ಯರಿಗೂ ಕಷ್ಟ.

ಸ್ಕ್ಯಾನ್ ಸರಿಯಿದ್ದರೂ ತೊಂದರೆ ಏಕೆ?

ತಲೆಗೆ, ಮುಖಕ್ಕೆ ಅಥವಾ ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ, ಕೆಲವೊಮ್ಮೆ ಮೈಗೆ ಬಿದ್ದ ಜೋರಾದ ಹೊಡೆತದಿಂದಲೂ, ತಲೆಬುರುಡೆಯೊಳಗೆ ಮಿದುಳು ರಭಸದಿಂದ ಅಲುಗಿ, ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದನ್ನು ವೈದ್ಯರು ‘ಕನ್‌ಕಶನ್’ ಎನ್ನುತ್ತಾರೆ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಶನ್ ಎಂಬ ನಂಬಿಕೆ ತಪ್ಪು. ಬಹುತೇಕರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಸಿ.ಟಿ. ಸ್ಕ್ಯಾನ್ ನೋಡುವುದು ಮುಖ್ಯವಾಗಿ ರಕ್ತಸ್ರಾವ ಮತ್ತು ಮೂಳೆ ಮುರಿತವನ್ನು. ಕನ್‌ಕಶನ್‌ನಲ್ಲಿ ಕೆಡುವುದು ಜೀವಕೋಶಗಳ ಒಳಗಿನ ವ್ಯವಹಾರವಾದ್ದರಿಂದ ಆ ಚಿತ್ರದಲ್ಲಿ ಅದು ಕಾಣುವುದಿಲ್ಲ.

ಪೆಟ್ಟು ಬಿದ್ದ ಕ್ಷಣದಲ್ಲಿ ನರಕೋಶಗಳ ಒಳಗಿದ್ದ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಹೊರಗಿದ್ದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಇದನ್ನು ಮತ್ತೆ ಸರಿಯಾದ ಜಾಗಕ್ಕೆ ತರಲು ಕೋಶಗಳಿಗೆ ಬಹಳ ಶಕ್ತಿ ಬೇಕು. ಆದರೆ ಅದೇ ಹೊತ್ತಿನಲ್ಲಿ ಮಿದುಳಿನ ರಕ್ತದ ಹರಿವು ತಗ್ಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟಿರುವ ಮಿದುಳು ವಿಶ್ರಾಂತಿಯಲ್ಲೂ ದೇಹದ ಶಕ್ತಿಯ ನೂರಕ್ಕೆ ಸುಮಾರು 20 ಪಾಲನ್ನು ಬಳಸುವ ಅಂಗ. ಅಂಥದ್ದಕ್ಕೆ ಬೇಡಿಕೆ ಏರಿದ ಗಳಿಗೆಯಲ್ಲೇ ಪೂರೈಕೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಮೇಲೆ ನಡೆಯುತ್ತಿರುವ ಮನೆಯನ್ನು ನೆನೆಯಿರಿ. ವೈರು ತುಂಡಾಗಿಲ್ಲ, ಬಲ್ಬು ಸುಟ್ಟಿಲ್ಲ, ಬಂದು ನೋಡಿದವರಿಗೆ ಯಾವ ದೋಷವೂ ಕಾಣುವುದಿಲ್ಲ. ಆದರೂ ಮಿಕ್ಸಿ, ಫ್ರಿಜ್, ಗೀಸರ್ ಒಟ್ಟಿಗೆ ಹಾಕಿದರೆ ಎಲ್ಲವೂ ನಿಂತುಹೋಗುತ್ತದೆ. ಸ್ವಲ್ಪ ಓದಿದರೂ, ಗದ್ದಲದಲ್ಲಿ ಕುಳಿತರೂ ಲಕ್ಷಣಗಳು ಕೆರಳುವುದು ಇದೇ ಕಾರಣಕ್ಕೆ.

ಈ ಸ್ಥಿತಿ ಹೆಚ್ಚಿನವರಲ್ಲಿ ತಾನಾಗಿ ತಿಳಿಯಾಗುತ್ತದೆ. ವಯಸ್ಕರಲ್ಲಿ ಬಹುತೇಕರು ಎರಡು ವಾರದಿಂದ ಒಂದು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೆ ಸುಮಾರು ನಾಲ್ಕು ವಾರ ಹಿಡಿಯಬಹುದು. ಕೆಲವರಲ್ಲಿ ಮಾತ್ರ ಲಕ್ಷಣಗಳು ತಿಂಗಳುಗಟ್ಟಲೆ ಉಳಿಯುತ್ತವೆ.

ವಿಟಮಿನ್‌ಗಳಿಂದ ಏನು ಸಾಧ್ಯ, ಏನು ಅಸಾಧ್ಯ

ಕೋಶಗಳು ಶಕ್ತಿ ತಯಾರಿಸಲು ಬಿ ಗುಂಪಿನ ವಿಟಮಿನ್‌ಗಳು ಬೇಕು, ಮೆಗ್ನೀಷಿಯಂ ಬೇಕು. ನರಕೋಶಗಳ ಹೊರಪೊರೆಯಲ್ಲಿ ಒಮೆಗಾ-3 ಕೊಬ್ಬು ಇದೆ. ಇವೆಲ್ಲ ನಿಜ. ಆದರೆ ‘ಬೇಕು’ ಎಂಬುದರಿಂದ ‘ಹೆಚ್ಚು ಕೊಟ್ಟರೆ ಬೇಗ ಗುಣ’ ಎಂಬ ತೀರ್ಮಾನ ಹೊರಡುವುದಿಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಮೆಗಾ-3, ವಿಟಮಿನ್ ಡಿ ಮೊದಲಾದವು ಭರವಸೆ ಹುಟ್ಟಿಸಿವೆ, ಮೆಗ್ನೀಷಿಯಂ ಬಗ್ಗೆ ಮನುಷ್ಯರ ಸಣ್ಣ ಗುಂಪುಗಳಲ್ಲೂ ಅಧ್ಯಯನ ನಡೆದಿದೆ. ಆದರೆ ಯಾವುದೇ ವಿಟಮಿನ್ ಕನ್‌ಕಶನ್‌ನ ಚೇತರಿಕೆಯನ್ನು ಬೇಗ ಮಾಡಿಸುತ್ತದೆ ಎಂದು ದೊಡ್ಡ ಪ್ರಮಾಣದ ಮಾನವ ಪರೀಕ್ಷೆಗಳಲ್ಲಿ ಸಾಬೀತಾಗಿಲ್ಲ.

ಪ್ರಾಣಿ ಪ್ರಯೋಗದ ಭರವಸೆ ಎಷ್ಟು ದೂರ ಬರುತ್ತದೆ ಎಂಬುದಕ್ಕೆ ಪ್ರೊಜೆಸ್ಟರಾನ್ ಹಾರ್ಮೋನಿನ ಕಥೆ ಸಾಕು. ಮಿದುಳಿಗೆ ಬಿದ್ದ ಪೆಟ್ಟಿಗೆ ಅದು ಔಷಧಿಯಾದೀತೆಂದು ಪ್ರಯೋಗಾಲಯಗಳು ವರ್ಷಗಟ್ಟಲೆ ನಂಬಿದ್ದವು. ತೀವ್ರ ಪೆಟ್ಟಾದ ರೋಗಿಗಳ ಮೇಲಿನ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2014ರಲ್ಲಿ ಪ್ರಕಟವಾದಾಗ ಪ್ರಯೋಜನ ಕಾಣಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲೇ, ಕನ್‌ಕಶನ್ ಗುಣಪಡಿಸುತ್ತೇವೆಂದು ಹೇಳಿಕೊಳ್ಳುವ ಪೂರಕಗಳನ್ನು (ಊಟದ ಜೊತೆಗೆ ಹೆಚ್ಚುವರಿಯಾಗಿ ತೆಗೆದುಕೊಳ್ಳುವ ಇಂಥ ಮಾತ್ರೆ, ಕ್ಯಾಪ್ಸೂಲ್‌ಗಳನ್ನು) ನಂಬಬಾರದೆಂದು ಸಾರ್ವಜನಿಕರನ್ನು ಎಚ್ಚರಿಸಿತ್ತು. ‘ಮಾತ್ರೆ ತಿಂದಿದ್ದೇನೆ, ಸರಿಹೋಗಿದೆ’ ಎಂದು ಹುಡುಗರು ಬೇಗ ಮೈದಾನಕ್ಕೆ ಇಳಿದು, ಮೊದಲ ಪೆಟ್ಟು ಮಾಯುವ ಮುನ್ನವೇ ಎರಡನೆಯದನ್ನು ತಿನ್ನುವುದು ಈ ಸುಳ್ಳು ಭರವಸೆಯ ದೊಡ್ಡ ಅಪಾಯ. ನಮ್ಮ ದೇಶದಲ್ಲೂ ಇಂಥ ಪೂರಕಗಳನ್ನು ನೋಡಿಕೊಳ್ಳುವುದು ಆಹಾರ ಸುರಕ್ಷತಾ ಪ್ರಾಧಿಕಾರವೇ. ಔಷಧೀಯ ಬಳಕೆಗಲ್ಲ ಎಂಬ ಸೂಚನೆ ಡಬ್ಬಿಯ ಮೇಲೆ ಇರಲೇಬೇಕು. ಆ ಸಾಲನ್ನು ಹುಡುಕಿ ಓದುವುದು ಒಳ್ಳೆಯದು.

ಹಾಗಿದ್ದರೆ ವಿಟಮಿನ್ ಯಾರಿಗೂ ಬೇಡವೇ? ಬೇಕು, ಕೊರತೆ ಇದ್ದವರಿಗೆ ಖಂಡಿತ ಬೇಕು. ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕಡಿಮೆಯಿರುವುದು ಸಾಮಾನ್ಯ. ಅದರಿಂದಲೇ ಸುಸ್ತು, ಮರೆವು, ಕೈಕಾಲು ಜೋಮು ಬರುತ್ತವೆ. ಮಹಿಳೆಯರಲ್ಲಿ ರಕ್ತಹೀನತೆ ವ್ಯಾಪಕವಾಗಿದೆ. ಬಿಸಿಲಿನ ನಾಡಾದರೂ ನಮ್ಮಲ್ಲಿ ವಿಟಮಿನ್ ಡಿ ಕೊರತೆ ಹೆಚ್ಚು. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ, ಅದರ ಮೇಲೆ ಬೆಳಕು ಸಹಿಸಲಾಗದ ರೋಗಿ ಕಿಟಕಿ ಮುಚ್ಚಿ ಮಲಗಿರುತ್ತಾನೆ. ಪೆಟ್ಟು ಬೀಳುವ ಮೊದಲೇ ಇದ್ದ ಇಂಥ ಕೊರತೆ ಚೇತರಿಕೆಯ ದಿನಗಳನ್ನು ಭಾರವಾಗಿಸಬಹುದು. ರಕ್ತಪರೀಕ್ಷೆ ಮಾಡಿಸಿ, ಇರುವ ಕೊರತೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತುಂಬುವುದು ಸರಿಯಾದ ದಾರಿ.

ಪೆಟ್ಟಿನ ಲಕ್ಷಣವೋ, ಮಾತ್ರೆಯ ಪರಿಣಾಮವೋ?

ವಿಟಮಿನ್‌ಗಳಲ್ಲಿ ಎರಡು ಬಗೆ. ಬಿ ಗುಂಪಿನವು ಮತ್ತು ಸಿ ನೀರಿನಲ್ಲಿ ಕರಗುತ್ತವೆ. ಹೆಚ್ಚಾದದ್ದು ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಬಿ ಕಾಂಪ್ಲೆಕ್ಸ್ ತಿಂದವರ ಮೂತ್ರ ಗಾಢ ಹಳದಿಯಾಗುವುದು ಅದರಲ್ಲಿರುವ ರೈಬೋಫ್ಲೇವಿನ್‌ನಿಂದ, ಅದಕ್ಕೆ ಹೆದರಬೇಕಾಗಿಲ್ಲ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಇವುಗಳಲ್ಲಿ ಎ ಮತ್ತು ಡಿ ದೇಹದಲ್ಲೇ ಶೇಖರವಾಗಿ ದೀರ್ಘಕಾಲ ಉಳಿಯುವುದರಿಂದ ಅತಿಯಾದರೆ ಬೇಗ ಹೊರಹೋಗುವುದಿಲ್ಲ.

ಹೆಚ್ಚು ಕಾಡುವುದು ವಾಕರಿಕೆ. ಕಬ್ಬಿಣ ಅಥವಾ ಸತು ಇರುವ ಮಲ್ಟಿವಿಟಮಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಆರೋಗ್ಯವಂತರಿಗೂ ಹೊಟ್ಟೆ ತೊಳಸುತ್ತದೆ. ತಲೆಪೆಟ್ಟಿನವರಲ್ಲಿ ಇದು ವಾಂತಿಗೆ ತಿರುಗಿದರೆ ಮನೆಯವರಿಗೆ ದಿಗಿಲು, ಏಕೆಂದರೆ ಪದೇಪದೇ ವಾಂತಿಯಾಗುವುದು ಮಿದುಳಿನ ರಕ್ತಸ್ರಾವದ ಸೂಚನೆಯೂ ಹೌದು. ಊಟದ ನಂತರ ತೆಗೆದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಮಲಬದ್ಧತೆ ಆದರೆ ಮಾತ್ರ ಗಮನ ಕೊಡಬೇಕು, ಏಕೆಂದರೆ ಮಲವಿಸರ್ಜನೆಗೆ ತಿಣುಕಿದಾಗ ತಲೆಯೊಳಗಿನ ಒತ್ತಡ ಏರಿ ತಲೆನೋವು ಹೆಚ್ಚುತ್ತದೆ. ಮೆಗ್ನೀಷಿಯಂ ಇದಕ್ಕೆ ವಿರುದ್ಧ. ಅದರಲ್ಲೂ ಮೆಗ್ನೀಷಿಯಂ ಆಕ್ಸೈಡ್ ಕರುಳಿಗೆ ನೀರನ್ನು ಸೆಳೆದು ಭೇದಿ ಮಾಡಿಸುತ್ತದೆ. ನೀರು ಕಳೆದುಕೊಂಡ ದೇಹಕ್ಕೆ ತಲೆನೋವು, ತಲೆಸುತ್ತು ಬರುತ್ತವೆ. ಪೂರಕದ ರೂಪದಲ್ಲಿ ವಯಸ್ಕರಿಗೆ ದಿನಕ್ಕೆ 350 ಮಿಲಿಗ್ರಾಂ ಮೀರಬಾರದೆಂಬುದು ಅಮೆರಿಕದ ಮಿತಿ. ಮೈಗ್ರೇನ್ ತಡೆಗೆಂದು ವೈದ್ಯರು ಅದಕ್ಕಿಂತ ಹೆಚ್ಚು ಬರೆಯುವುದುಂಟು, ಆದರೆ ಅದು ಅವರ ನಿಗಾದಲ್ಲಿ ನಡೆಯಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮೆಗ್ನೀಷಿಯಂ ಮುಟ್ಟಬಾರದು.

ವಿಟಮಿನ್ ಎ ಅತಿಯಾದರೆ ತಲೆಬುರುಡೆಯೊಳಗಿನ ಒತ್ತಡವೇ ಏರಿ ತಲೆನೋವು, ವಾಂತಿ, ಮಂಜುಗಣ್ಣು ಕಾಣಿಸಿಕೊಳ್ಳಬಹುದು. ಇವು ತಲೆಪೆಟ್ಟಿನ ಅಪಾಯಸೂಚನೆಗಳನ್ನೇ ಹೋಲುತ್ತವೆ. ಒಂದೇ ಡಬ್ಬಿಯಿಂದ ಇಷ್ಟು ಪ್ರಮಾಣ ಒಳಗೆ ಹೋಗುವುದು ಕಡಿಮೆ. ಮಲ್ಟಿವಿಟಮಿನ್, ಕಾಡ್ ಲಿವರ್ ಎಣ್ಣೆ, ‘ಕಣ್ಣಿಗೆ ಒಳ್ಳೆಯದು’ ಎಂಬ ಇನ್ನೊಂದು ಕ್ಯಾಪ್ಸೂಲ್ ಮೂರನ್ನೂ ಸೇರಿಸಿದಾಗ ಲೆಕ್ಕ ತಪ್ಪುತ್ತದೆ. ನಿಯಾಸಿನ್ ಎಂಬ ಬಿ3 ಹೆಚ್ಚಾದರೆ ಮುಖ, ಎದೆ ಕೆಂಪೇರಿ ಬಿಸಿಯಾಗುತ್ತದೆ, ತಲೆ ಸುತ್ತುತ್ತದೆ. ನರಗಳಿಗೆ ಒಳ್ಳೆಯದೆಂದು ಜನ ತಿಂಗಳುಗಟ್ಟಲೆ ನುಂಗುವ ಬಿ6 ಅತಿಯಾದಾಗ ನರಗಳನ್ನೇ ಕೆಡಿಸಿ ಪಾದ, ಬೆರಳುಗಳಲ್ಲಿ ಜೋಮು ಹಿಡಿಸುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದರ ಮಿತಿಯನ್ನು ದಿನಕ್ಕೆ 12 ಮಿಲಿಗ್ರಾಂಗೆ ಇಳಿಸಿತು. ದಿನಕ್ಕೆ 2 ಗ್ರಾಂ ಮೀರಿದ ವಿಟಮಿನ್ ಸಿ ಹೊಟ್ಟೆ ಕೆಡಿಸುತ್ತದೆ.

ನಿದ್ದೆಗೆಂದು ಕೊಳ್ಳುವ ಮೆಲಟೋನಿನ್, ಅಶ್ವಗಂಧದ ಮಾತ್ರೆಗಳು ಮಂಪರು ತರುತ್ತವೆ. ಪೆಟ್ಟಾದ ಮೊದಲ ಒಂದೆರಡು ದಿನ ರೋಗಿಯ ಎಚ್ಚರದ ಮಟ್ಟವನ್ನು ಗಮನಿಸುವುದೇ ಮನೆಯವರ ಮುಖ್ಯ ಕೆಲಸವಾದ್ದರಿಂದ ಆ ದಿನಗಳಲ್ಲಿ ಮಂಪರು ತರಿಸುವ ಏನನ್ನೂ ಸ್ವಂತ ತೀರ್ಮಾನದಿಂದ ಕೊಡಬಾರದು. ಒಂದೆಲಗದ ತಂಬುಳಿ, ಚಟ್ನಿ ನಮ್ಮ ಮನೆಗಳ ಊಟ. ಊಟದ ಪ್ರಮಾಣದಲ್ಲಿ ಅದನ್ನು ಬಿಡಬೇಕಾಗಿಲ್ಲ. ಅದೇ ಸೊಪ್ಪಿನ ಸಾಂದ್ರ ಸಾರವನ್ನು ತುಂಬಿದ ಕ್ಯಾಪ್ಸೂಲ್ ಬೇರೆಯೇ ವಸ್ತು, ಅದನ್ನು ಔಷಧಿಯಂತೆಯೇ ಕಂಡು ವೈದ್ಯರಿಗೆ ತಿಳಿಸಬೇಕು.

ವಾರಕ್ಕೊಮ್ಮೆಯ ಸ್ಯಾಶೆ ದಿನವೂ ಆದರೆ

ವಿಟಮಿನ್ ಡಿ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಸ್ಯಾಶೆ ಅಥವಾ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರುತ್ತದೆ. ಅದು ಕೊರತೆ ಇರುವವರಿಗೆ ವಾರಕ್ಕೊಂದರಂತೆ, ಕೆಲವು ವಾರಗಳ ಮಟ್ಟಿಗೆ ಬರೆಯುವ ಪ್ರಮಾಣ. ವಯಸ್ಕರ ದಿನದ ಅಗತ್ಯ ಸುಮಾರು 600 ಯೂನಿಟ್. ವೈದ್ಯರ ನಿಗಾ ಇಲ್ಲದೆ ದಿನನಿತ್ಯ ತೆಗೆದುಕೊಳ್ಳುವುದಕ್ಕೆ ಗರಿಷ್ಠ ಮಿತಿ 4,000 ಯೂನಿಟ್. ತಪ್ಪು ತಿಳಿದು ದಿನಕ್ಕೊಂದು ಸ್ಯಾಶೆ ಕುಡಿದರೆ ಮಿತಿಯ 15 ಪಟ್ಟು ದೇಹಕ್ಕೆ ಸೇರುತ್ತದೆ. ಹೀಗೆ ಮುಂದುವರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಪದೇಪದೇ ಮೂತ್ರ, ಸುಸ್ತು, ಕೊನೆಗೆ ಬುದ್ಧಿಮಂಕು ಬರುತ್ತವೆ, ಮೂತ್ರಪಿಂಡಕ್ಕೂ ಹಾನಿಯಾಗುತ್ತದೆ. ‘ತಲೆಪೆಟ್ಟು ಇನ್ನೂ ವಾಸಿಯಾಗಿಲ್ಲ’ ಎಂದು ಎಲ್ಲರೂ ಭಾವಿಸುವ ಲಕ್ಷಣಗಳೇ ಇವು. ಕೊಬ್ಬಿನಲ್ಲಿ ಶೇಖರವಾಗಿರುವುದರಿಂದ ನಿಲ್ಲಿಸಿದ ಮೇಲೂ ವಾರ, ತಿಂಗಳುಗಳ ಕಾಲ ಪರಿಣಾಮ ಉಳಿಯಬಹುದು.

ಈ ತಪ್ಪಿಗೆ ತಲೆಪೆಟ್ಟಿನವರು ಹೆಚ್ಚು ಸುಲಭವಾಗಿ ಗುರಿಯಾಗುತ್ತಾರೆ. ಮರೆವೇ ಕನ್‌ಕಶನ್‌ನ ಲಕ್ಷಣವಾದ್ದರಿಂದ ಬೆಳಿಗ್ಗೆ ನುಂಗಿದ್ದನ್ನು ಮರೆತು ಮಧ್ಯಾಹ್ನ ಮತ್ತೆ ನುಂಗುವುದು ಅಸಂಭವವಲ್ಲ. ಮೊದಲ ಕೆಲವು ವಾರ ಮಾತ್ರೆಗಳ ಜವಾಬ್ದಾರಿಯನ್ನು ಮನೆಯಲ್ಲಿ ಬೇರೊಬ್ಬರು ವಹಿಸಿಕೊಳ್ಳಲಿ. ವಾರದ ಸ್ಯಾಶೆಗೆ ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಕೊಟ್ಟ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ.

ಬೇರೆ ಔಷಧಿಗಳ ಜೊತೆಗೆ

ಮಿದುಳಿನಲ್ಲಿ ರಕ್ತಸ್ರಾವದ ಸಾಧ್ಯತೆ ಇನ್ನೂ ಪೂರ್ತಿ ತಳ್ಳಿಹೋಗದ ದಿನಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುವ ವಸ್ತುಗಳಿಂದ ದೂರವಿರಬೇಕು. ಆಸ್ಪಿರಿನ್, ಐಬುಪ್ರೊಫೆನ್ ಬದಲು ಮೊದಲಿಗೆ ಪ್ಯಾರಾಸಿಟಮಾಲ್ ಸೂಚಿಸುವುದು ಈ ಕಾರಣಕ್ಕೆ. ಹೆಚ್ಚಿನ ಪ್ರಮಾಣದ ವಿಟಮಿನ್ ಇ, ಮೀನೆಣ್ಣೆ, ಗಿಂಕೊ ಎಂಬ ಮರದ ಎಲೆಯ ಸಾರದ ಮಾತ್ರೆಗಳೂ ಈ ನಿಟ್ಟಿನಲ್ಲಿ ಎಚ್ಚರ ಬೇಡುವಂಥವು, ಮುಖ್ಯವಾಗಿ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿರುವ ಹಿರಿಯರಿಗೆ. ವಾರ್ಫರಿನ್ ಎಂಬ ಅಂಥ ಔಷಧಿ ನುಂಗುವವರಲ್ಲಿ ವಿಟಮಿನ್ ಕೆ ಇದಕ್ಕೆ ತಿರುಗುಮುರುಗಾಗಿ ಔಷಧಿಯ ಬಲವನ್ನು ಕುಗ್ಗಿಸುತ್ತದೆ.

ಫಿಟ್ಸ್ ತಡೆಯಲು ಫೆನಿಟಾಯಿನ್ ಕೊಟ್ಟಿದ್ದರೆ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಮತ್ತು ಬಿ6 ಆ ಔಷಧಿಯ ಮಟ್ಟವನ್ನು ರಕ್ತದಲ್ಲಿ ಇಳಿಸಬಲ್ಲವು. ಅಂದರೆ ಫಿಟ್ಸ್ ಮರಳಬಹುದು. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಡುವೆ ನಾಲ್ಕು ಗಂಟೆ ಅಂತರ ಬೇಕು. ಕೂದಲಿಗೆಂದು ಬಯೋಟಿನ್ ತಿನ್ನುವವರು ರಕ್ತಪರೀಕ್ಷೆಗೆ ಮುನ್ನ ಅದನ್ನು ತಿಳಿಸಬೇಕು, ಥೈರಾಯ್ಡ್ ಮತ್ತು ಹೃದಯದ ಕೆಲವು ಪರೀಕ್ಷೆಗಳ ಫಲಿತಾಂಶವನ್ನು ಅದು ತಪ್ಪಾಗಿಸಬಹುದು. ನೋವಿನ ಮಾತ್ರೆಯೂ ಅತಿಯಾದರೆ ತಲೆನೋವಿಗೆ ಕಾರಣವಾಗುತ್ತದೆ: ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಹೀಗೇ ನುಂಗುತ್ತಾ ಹೋದವರಿಗೆ ಮಾತ್ರೆಯೇ ತಲೆನೋವನ್ನು ಉಳಿಸುತ್ತಿರಬಹುದು.

ಕಾಫಿಯ ವಿಷಯ

ಕಾಫಿ ಬೆಳೆಯುವ, ದಿನಕ್ಕೆ ನಾಲ್ಕಾರು ಲೋಟ ಕುಡಿಯುವ ಸೀಮೆಯಲ್ಲಿ ಈ ಮಾತನ್ನು ಬಿಡುವಂತಿಲ್ಲ. ‘ತಲೆಗೆ ಏಟಾಗಿದೆ, ಕಾಫಿ ಬೇಡ’ ಎಂದು ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ಕಾಫಿ ಬಿಟ್ಟದ್ದರ ತಲೆನೋವು ಶುರುವಾಗಿ ಒಂದು ವಾರದವರೆಗೂ ಇರಬಹುದು. ಕಡಿಮೆ ಮಾಡುವುದಿದ್ದರೆ ದಿನಕ್ಕೆ ಅರ್ಧ ಲೋಟದಂತೆ ಇಳಿಸುವುದು ಮೇಲು. ಮಧ್ಯಾಹ್ನದ ಮೇಲಿನ ಕಾಫಿ ಮಾತ್ರ ನಿದ್ದೆ ಕೆಡಿಸುತ್ತದೆ, ನಿದ್ದೆ ಈ ಚೇತರಿಕೆಗೆ ಬಹಳ ಮುಖ್ಯ. ಬೆಳಗಿನ ಕಾಫಿಯ ಜೊತೆಗೇ ಕಬ್ಬಿಣದ ಮಾತ್ರೆ ನುಂಗುವ ರೂಢಿಯನ್ನು ಬಿಡಬೇಕು. ಕಾಫಿ, ಚಹಾ ಎರಡೂ ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನಡುವೆ ಕನಿಷ್ಠ ಒಂದು ಗಂಟೆ ಬಿಟ್ಟು, ನಿಂಬೆ ಪಾನಕ ಅಥವಾ ನೆಲ್ಲಿಕಾಯಿಯ ಜೊತೆ ತೆಗೆದುಕೊಂಡರೆ ಅದರಲ್ಲಿರುವ ವಿಟಮಿನ್ ಸಿ ನೆರವಾಗುತ್ತದೆ.

ಒಂದೊಂದಾಗಿ, ಬರೆದಿಟ್ಟುಕೊಂಡು

ವೈದ್ಯರು ಎರಡು ಮೂರು ಪೂರಕ ಬರೆದಿದ್ದರೆ, ಎಲ್ಲವನ್ನೂ ಒಂದೇ ದಿನ ಆರಂಭಿಸಬೇಕೇ ಎಂದು ಕೇಳಿ. ತುರ್ತಿಲ್ಲದಿದ್ದರೆ ಒಂದನ್ನು ಶುರುಮಾಡಿ, ನಾಲ್ಕೈದು ದಿನ ನೋಡಿ ಮುಂದಿನದನ್ನು ಸೇರಿಸುವುದು ಎಲ್ಲಕ್ಕಿಂತ ಉಪಯುಕ್ತವಾದ ಕ್ರಮ. ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ, ನುಂಗಿದ ಮಾತ್ರೆ, ಹೊತ್ತು, ಆ ದಿನದ ತಲೆನೋವು, ವಾಕರಿಕೆ, ನಿದ್ದೆ ಇಷ್ಟನ್ನು ಬರೆದರೆ ಸಾಕು. ಹೊಸ ತೊಂದರೆ ಮಾತ್ರೆ ನುಂಗಿದ ಒಂದೆರಡು ಗಂಟೆಯೊಳಗೆ ಬಂದು, ನುಂಗದ ದಿನ ಬಾರದಿದ್ದರೆ ಅದು ಮಾತ್ರೆಯದ್ದಾಗಿರುವ ಸಾಧ್ಯತೆ ಹೆಚ್ಚು. ಓದಿದಾಗ, ಫೋನು ನೋಡಿದಾಗ, ಓಡಾಡಿದಾಗ ಹೆಚ್ಚಿ, ವಿಶ್ರಾಂತಿಯಲ್ಲಿ ತಗ್ಗಿದರೆ ಪೆಟ್ಟಿನದ್ದಾಗಿರುವ ಸಾಧ್ಯತೆ ಹೆಚ್ಚು. ಸ್ವಂತವಾಗಿ ಕೊಂಡ ಪೂರಕದಿಂದ ತೊಂದರೆಯಾದರೆ ಅದನ್ನು ನಿಲ್ಲಿಸಿ ವೈದ್ಯರಿಗೆ ಹೇಳಬಹುದು. ವೈದ್ಯರು ಬರೆದ ಔಷಧಿಯನ್ನು, ಅದರಲ್ಲೂ ಫಿಟ್ಸ್ ಮಾತ್ರೆಯನ್ನು, ಅವರನ್ನು ಕೇಳದೆ ನಿಲ್ಲಿಸಬಾರದು.

ಊಟದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಹುರುಳಿ, ಹೆಸರುಕಾಳು, ಎಳ್ಳು, ಸೊಪ್ಪಿನಲ್ಲಿ ಮೆಗ್ನೀಷಿಯಂ ಸಿಗುತ್ತದೆ. ಕರಾವಳಿಯಿಂದ ಘಾಟಿ ಹತ್ತಿ ಬರುವ ಬೂತಾಯಿ, ಬಂಗುಡೆ ಮೀನಿನಲ್ಲಿ ಒಮೆಗಾ-3, ಬಿ12 ಎರಡೂ ಇವೆ. ಸಸ್ಯಾಹಾರಿಗಳಿಗೆ ಹಾಲು, ಮೊಸರು ಬಿ12 ಕೊಡುತ್ತವೆ. ವಾಕರಿಕೆ ಇರುವವರು ಒಮ್ಮೆಗೇ ಹೊಟ್ಟೆ ತುಂಬ ಉಣ್ಣದೆ ಗಂಜಿ, ಮಜ್ಜಿಗೆ ಅನ್ನದಂಥದ್ದನ್ನು ಸ್ವಲ್ಪ ಸ್ವಲ್ಪವೇ ತಿನ್ನಲಿ.

ಚೇತರಿಕೆಗೆ ನೆರವಾಗುವುದೆಂದು ಒಳ್ಳೆಯ ಆಧಾರವಿರುವುದು ಬೇರೆಯೇ. ಕ್ರೀಡೆಯಲ್ಲಿನ ಕನ್‌ಕಶನ್ ಕುರಿತು 2022ರಲ್ಲಿ ಆಮ್ಸ್‌ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರು 2023ರಲ್ಲಿ ಪ್ರಕಟಿಸಿದ ಒಮ್ಮತದ ಪ್ರಕಾರ ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಆ ಹೊತ್ತಿನಲ್ಲಿ ಪರದೆ ನೋಡುವುದು ಕಡಿಮೆ, ಆಮೇಲೆ ಲಕ್ಷಣಗಳು ಹೆಚ್ಚು ಕೆರಳದಂತೆ ನಡಿಗೆಯಂಥ ಚಟುವಟಿಕೆ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವ ಹಳೆಯ ಪದ್ಧತಿಯನ್ನು ಈಗ ಸೂಚಿಸುವುದಿಲ್ಲ.

ಕಾಯಬಾರದ ಸೂಚನೆಗಳು

ತಲೆನೋವು ಗಂಟೆಗಂಟೆಗೂ ಏರುತ್ತಾ ಹೋದರೆ, ಪದೇಪದೇ ವಾಂತಿಯಾದರೆ, ಎಬ್ಬಿಸಲು ಕಷ್ಟವಾಗುವಷ್ಟು ಮಂಪರು ಕವಿದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲಿನ ಬಲ ಕುಂದಿದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮೂಗು ಅಥವಾ ಕಿವಿಯಿಂದ ತಿಳಿನೀರು ಸೋರಿದರೆ ಮಾತ್ರೆಯಿಂದ ಆಗಿರಬಹುದೇ ಎಂದು ಯೋಚಿಸುತ್ತಾ ಕೂರಬಾರದು. 108ಕ್ಕೆ ಕರೆ ಮಾಡಿ, ತಲೆಯ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಹಾಸನ ಮತ್ತು ಚಿಕ್ಕಮಗಳೂರು ನಗರಗಳೆರಡರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ತೋಟದ ಮನೆಗಳಿಂದ ಪೇಟೆ ತಲುಪಲು ಹೊತ್ತು ಹಿಡಿಯುವುದರಿಂದ, ಅನುಮಾನ ಬಂದ ಸಂಜೆಯೇ ಹೊರಡುವುದು ನಡುರಾತ್ರಿ ಮಳೆಯಲ್ಲಿ ಗಾಡಿ ಹುಡುಕುವುದಕ್ಕಿಂತ ಕ್ಷೇಮ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಸ್ಟ್ರಿಪ್, ಡಬ್ಬಿ, ಸ್ಯಾಶೆಯ ಖಾಲಿ ಕವರು, ಬರೆದಿಟ್ಟ ನೋಟ್‌ಬುಕ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ವೈದ್ಯರು ಕೇಳುವ ಮೊದಲೇ ಅವರ ಮುಂದಿಡಿ.